ಭಯದ ನೆನಪು, ಪಾಠದ ಮರೆವು

ಹಿಂದಿನ ರಾತ್ರಿ ಮನೆಯಲ್ಲಿ ಒಂದಕ್ಷರವೂ ತಪ್ಪದಂತೆ ಪಾಠ ಒಪ್ಪಿಸಿದ ಹುಡುಗಿಯೊಬ್ಬಳು, ಎಸ್ಸೆಸ್ಸೆಲ್ಸಿ ಪರೀಕ್ಷೆಯ ಕೊಠಡಿಯಲ್ಲಿ ಪ್ರಶ್ನೆಪತ್ರಿಕೆ ಕೈಗೆ ಬಂದೊಡನೆ ಅಂಗೈ ಬೆವತು, ನಾಲಗೆ ಒಣಗಿ, ತಾನು ಚೆನ್ನಾಗಿ ಬಲ್ಲ ಉತ್ತರವೇ ಹೊಳೆಯದೆ ಕುಳಿತುಬಿಡುವುದನ್ನೂ, ಹೊರಗೆ ಬಂದು ಕೊಂಚ ಹೊತ್ತಾದ ಮೇಲೆ ಅದೇ ಉತ್ತರ ಇಡಿಯಾಗಿ ನೆನಪಿಗೆ ಬಂದು ಅಳುವುದನ್ನೂ ಅಧ್ಯಾಪಕರಾದವರು ಕಂಡೇ ಇರುತ್ತಾರೆ. ಓದಿದ್ದು ಸಾಲದೆಂದು ಹಿರಿಯರು ಗದರುವುದುಂಟು. ಅದು ನ್ಯಾಯವಲ್ಲ.

ಭೀತಿಯ ಸುಳಿವು ದೊರೆತ ಕ್ಷಣವೇ ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ರಸವನ್ನು ರಕ್ತಕ್ಕೆ ಬಿಡುತ್ತವೆ; ಅದರ ಬೆನ್ನಿಗೇ ಮಿದುಳಿನ ಹೈಪೊಥಲಮಸ್ ಭಾಗವು ಪಿಟ್ಯುಟರಿ ಗ್ರಂಥಿಯನ್ನು ಪ್ರೇರಿಸಿ, ಪಿಟ್ಯುಟರಿಯು ಅಡ್ರಿನಲ್ ಗ್ರಂಥಿಗಳನ್ನು ಪ್ರೇರಿಸಿದುದರ ಫಲವಾಗಿ ಕಾರ್ಟಿಸೋಲ್ ಎಂಬ ಹಾರ್ಮೋನು ಮೆಲ್ಲಮೆಲ್ಲನೆ ಏರುತ್ತ, ಸುಮಾರು 20–30 ನಿಮಿಷಗಳಲ್ಲಿ ಪರಾಕಾಷ್ಠೆಯನ್ನು ಮುಟ್ಟುತ್ತದೆ. ಇದು ಪ್ರಾಣರಕ್ಷಣೆಗೆಂದು ಪ್ರಕೃತಿಯೇ ಮಾಡಿದ ಏರ್ಪಾಡು. ಆದರೆ ಸ್ಮೃತಿಗೆ ಆಧಾರವಾದ ಹಿಪೊಕ್ಯಾಂಪಸ್ ಭಾಗವೇ ಈ ಬಗೆಯ ಹಾರ್ಮೋನನ್ನು ವಿಶೇಷವಾಗಿ ಹಿಡಿದಿಟ್ಟುಕೊಳ್ಳುತ್ತದೆಂದು ಅಮೆರಿಕದ ಬ್ರೂಸ್ ಮೆಕ್ಯುವೆನ್ ಅವರು 1968ರಲ್ಲಿ ಇಲಿಗಳಲ್ಲಿ ತೋರಿಸಿಕೊಟ್ಟರು. ಡೊಮಿನಿಕ್ ಡಿ ಕ್ವೆರ್ವೆನ್ ಮತ್ತು ಸಂಗಡಿಗರು 2000ದಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಹಿಂದಿನ ದಿನ ಪದಗಳನ್ನು ಕಲಿತವರಿಗೆ ಅವನ್ನು ಹೇಳಿಸುವ ಒಂದು ಗಂಟೆ ಮುಂಚೆ, ಮೈಯಲ್ಲಿ ಕಾರ್ಟಿಸೋಲ್ ಆಗಿ ಮಾರ್ಪಡುವ ಕಾರ್ಟಿಸೋನ್ ಕೊಟ್ಟಾಗ ನೆನಪು ಕುಗ್ಗಿತು. ಕಲಿಯುವ ಮುನ್ನ ಕೊಟ್ಟಾಗ ಕುಗ್ಗಲಿಲ್ಲ. ಕಲಿತದ್ದು ಅಳಿಯುವುದಿಲ್ಲ, ಅದನ್ನು ಹೊರತೆಗೆಯುವ ಶಕ್ತಿಗೆ ಮಾತ್ರ ತತ್ಕಾಲಕ್ಕೆ ಅಡ್ಡಿಯಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ.

ದಿನದಿನವೂ ಕಾಡುವ ಒತ್ತಡದ ಪರಿಣಾಮ ಇನ್ನೂ ಗಹನವಾದುದು. ಅದನ್ನು ಬಯಲಿಗೆ ತಂದ ಮಹತ್ತ್ವದ ಶೋಧವೊಂದು ನಮ್ಮ ಬೆಂಗಳೂರಿನಲ್ಲಿಯೇ ನಡೆಯಿತೆಂಬುದು ಅಭಿಮಾನದ ಸಂಗತಿ. ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟ್ಟರ್ಜಿಯವರೂ ಸಹೋದ್ಯೋಗಿಗಳೂ ಇಲಿಗಳನ್ನು ದಿನಕ್ಕೆ 2 ಗಂಟೆಯಂತೆ 10 ದಿನ ಅಲುಗಾಡದಂತೆ ಬಂಧಿಸಿಟ್ಟು, ಬಳಿಕ ಮಿದುಳನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದಾಗ, ಹಿಪೊಕ್ಯಾಂಪಸ್ಸಿನ ನರಕೋಶಗಳ ಕವಲುಗಳು ಕುಗ್ಗಿದ್ದುವು. ಭಯಕ್ಕೆ ನೆಲೆಯಾದ ಅಮಿಗ್ಡಲದ ಕೋಶಗಳಲ್ಲಿಯಾದರೋ ಕವಲುಗಳು ಬೆಳೆದಿದ್ದುವು. 2002ರಲ್ಲಿ ಈ ವಿಷಯ ಪ್ರಕಟವಾಯಿತು. ಮುಂದೆ, 21 ದಿನಗಳ ವಿಶ್ರಾಂತಿಯಿಂದ ಹಿಪೊಕ್ಯಾಂಪಸ್ ಚೇತರಿಸಿಕೊಂಡರೂ ಅಮಿಗ್ಡಲದಲ್ಲಿ ಬೆಳೆದ ಕವಲುಗಳು ಹಾಗೆಯೇ ಉಳಿದುವೆಂದು ಕಂಡುಬಂತು.

ಇಲಿಯ ಮಿದುಳನ್ನು ಕಂಡು ಮನುಷ್ಯನ ವಿಷಯದಲ್ಲಿ ಆತುರದ ತೀರ್ಮಾನಕ್ಕೆ ಬರಲಾಗದು, ನಿಜ. ಆದರೂ ಒಂದೇ ಹಾರ್ಮೋನಿನ ಪ್ರವಾಹದಲ್ಲಿ ಪಾಠದ ನೆಲೆ ಸೊರಗಿ ಭಯದ ನೆಲೆ ಕೊಬ್ಬುವುದಾದರೆ, ಹೀಯಾಳಿಕೆಯನ್ನೂ ಬೆತ್ತವನ್ನೂ ವಿದ್ಯೆಯ ಸಾಧನಗಳೆಂದು ಇಂದಿಗೂ ನಂಬಿರುವವರು ಯಾವುದಕ್ಕೆ ನೀರೆರೆಯುತ್ತಿದ್ದೇವೆಂದು ಯೋಚಿಸಬೇಡವೆ? ಪರೀಕ್ಷೆಯ ಕಾಲದಲ್ಲಿ ಮಕ್ಕಳನ್ನು ಅಂಕಗಳ ಮಾತೆತ್ತಿ ಹೆದರಿಸಬೇಡಿರಿ. ಹೊತ್ತಿಗೆ ಸರಿಯಾಗಿ ಉಣ್ಣಿಸಿ, ಕಣ್ತುಂಬ ನಿದ್ದೆಮಾಡಲು ಬಿಡಿರಿ.