ಇಂದೂರಿನ ಮಳೆಯಲ್ಲಿ ಒಂದು ಹೊಸ ದನಿ

ಪುಷ್ಯ ಮಳೆ

2025ರ ಜುಲೈ 25, ಶುಕ್ರವಾರ. ಆಷಾಢದ ಅಮಾವಾಸ್ಯೆ ನಿನ್ನೆಗೆ ಮುಗಿದು ಇವತ್ತಿನಿಂದ ಶ್ರಾವಣ. ಮುಂಡಗೋಡ ತಾಲೂಕಿನ ಇಂದೂರಿನ ಸುತ್ತ ಕೂರಿಗೆಯಲ್ಲಿ ಬಿತ್ತಿದ ಭತ್ತ ಮೊಣಕಾಲಿಗೆ ಬರುತ್ತಿದೆ. ಗೋವಿನಜೋಳಕ್ಕೆ ಮೇಲುಗೊಬ್ಬರ ಹಾಕಲು ಮಳೆ ತುಸು ಬಿಡುವು ಕೊಟ್ಟರೆ ಸಾಕು ಎಂದು ಜನ ಆಕಾಶ ನೋಡುತ್ತಿದ್ದಾರೆ. ಇದೇ ದಿನ ಹನುಮಾನ್‌ಕೈಂಡ್ ಹೆಸರಿನಲ್ಲಿ ಹಾಡುವ ಸೂರಜ್ ಚೆರುಕಾಟ್ ಅವರ ‘ಮಾನ್ಸೂನ್ ಸೀಸನ್’ ಬಿಡುಗಡೆಯಾಗಿದೆ. ಅದನ್ನವರು ಮಿಕ್ಸ್‌ಟೇಪ್ ಎಂದು ಕರೆದಿದ್ದಾರೆ. 12 ಹಾಡುಗಳಿವೆ. ಕೇರಳದ ಪೊನ್ನಾನಿ ಮೂಲದ ಈ ಹುಡುಗ ಬೆಳೆದದ್ದು ಅಮೆರಿಕದ ಹ್ಯೂಸ್ಟನ್‌ನಲ್ಲಿ, ರ‍್ಯಾಪರ್ ಆಗಿ ಪಳಗಿದ್ದು ನಮ್ಮ ಬೆಂಗಳೂರಿನಲ್ಲಿ. ಅದೇ ಹ್ಯೂಸ್ಟನ್ನಿನ ಮ್ಯಾಕ್ಸೋ ಕ್ರೀಮ್ ಮತ್ತು ಫ್ಲಾರಿಡಾದ ಡೆನ್ಜೆಲ್ ಕರಿ ಈ ಸಂಗ್ರಹದಲ್ಲಿ ಅವರಿಗೆ ಜೊತೆಯಾಗಿದ್ದಾರೆ.

ಹಕ್ಕಿ ನೋಡುವವರು ಹೊಸ ಹಕ್ಕಿಯೊಂದು ಕಂಡ ಕೂಡಲೇ ಅದು ಈ ಊರಿನದು ಎಂದು ಬರೆದುಕೊಳ್ಳುವುದಿಲ್ಲ. ಎಲ್ಲಿ ಕೂರುತ್ತದೆ, ಏನು ತಿನ್ನುತ್ತದೆ, ಗೂಡು ಕಟ್ಟುತ್ತದೆಯೇ, ಮುಂದಿನ ಮಳೆಗೂ ಇರುತ್ತದೆಯೇ ಎಂದು ಕಾಯುತ್ತಾರೆ. ಹಾಡನ್ನೂ ಹಾಗೆಯೇ ಕಾದು ನೋಡಬೇಕೆಂದು ನನ್ನ ನಂಬಿಕೆ. ಬಿಡುಗಡೆಯ ದಿನದ ವಿಮರ್ಶೆಯಲ್ಲಿ ಹಾಡಿನ ಗುಣ ಗೊತ್ತಾಗಬಹುದು. ಅದನ್ನು ಊರು ಹೇಗೆ ಒಳಗೆ ಬಿಟ್ಟುಕೊಂಡಿತು ಎಂಬುದು ತಿಳಿಯಲು ಒಂದು ಮಳೆಗಾಲವಾದರೂ ಬೇಕು.

ಮೊದಲಿಗೆ ಇಲ್ಲಿ ಆಗಲೇ ಇರುವ ದನಿಗಳ ಪಟ್ಟಿ. ನಸುಕಿನಲ್ಲಿ ಗುಡಿಯ ಮೈಕಿನ ಭಕ್ತಿಗೀತೆ. ಅದರ ಅಡಿಯಲ್ಲಿ, ಬಿದಿರ ಮೆಳೆಯಿಂದ, ಕೆಂಬೂತದ ಆಳದ ಊಪ್ ಊಪ್. ಬೆಳಕು ಹರಿದಾಗ ಪಿಕಳಾರ, ಮಡಿವಾಳ ಹಕ್ಕಿ. ಹತ್ತು ಗಂಟೆಯ ಮೇಲೆ ರಸ್ತೆ ಟ್ರ್ಯಾಕ್ಟರ್‌ಗಳದ್ದು. ಅವುಗಳ ಸ್ಪೀಕರ್ ಡಬ್ಬಿಗಳಲ್ಲಿ ಉತ್ತರ ಕರ್ನಾಟಕದ ಜಾನಪದ ಡಿಜೆ. ಮಾಳು ನಿಪನಾಳರ ‘ನಾ ಡ್ರೈವರಾ’ ಇಲ್ಲಿ ಕೂಸಿಗೂ ಗೊತ್ತು. ಸಂಜೆ ಟಿವಿ ಧಾರಾವಾಹಿ. ಕತ್ತಲಾದ ಮೇಲೆ ಗದ್ದೆಯೆಲ್ಲ ಕಪ್ಪೆಗಳದ್ದೇ. ಕಾಡಿನ ಸದ್ದುಗಳನ್ನು ಧ್ವನಿಮುದ್ರಿಸುತ್ತ ಬದುಕು ಕಳೆದ ಬರ್ನಿ ಕ್ರೌಸ್ ಒಂದು ಮಾತು ಮುಂದಿಟ್ಟಿದ್ದಾರೆ: ಒಂದೇ ಕಡೆ ಬಾಳುವ ಪ್ರಾಣಿಗಳು ದನಿಯ ಎತ್ತರವನ್ನೋ ಹೊತ್ತನ್ನೋ ತಮ್ಮೊಳಗೆ ಹಂಚಿಕೊಂಡಿರುತ್ತವೆ. ನೆದರ್ಲೆಂಡ್ಸ್‌ನ ಲೈಡನ್ ಊರಿನಲ್ಲಿ ವಾಹನದ ಗದ್ದಲ ಹೆಚ್ಚಿರುವ ಕಡೆ ಚೇಕಡಿ ಹಕ್ಕಿಗಳು ತಮ್ಮ ಹಾಡಿನ ಕೆಳಗಿನ ಸ್ವರವನ್ನು ಮೇಲಕ್ಕೆ ಏರಿಸಿಕೊಂಡಿದ್ದನ್ನು 2003ರಲ್ಲಿ ಸಂಶೋಧಕರು ತೋರಿಸಿದರು. ಅಂದರೆ ಹೊಸ ದನಿಗೆ ಜಾಗ ಬೇಕಾದರೆ ಅದು ಖಾಲಿ ಇರುವ ಸಂದು ಹುಡುಕಬೇಕು. ಇಂದೂರಿನಲ್ಲಿ ಇಂಗ್ಲಿಷ್ ರ‍್ಯಾಪಿಗೆ ಅಂಥ ಸಂದು ಎಲ್ಲಿದೆ ಎಂಬುದೇ ನನ್ನ ಕುತೂಹಲ.

ಮೊದಲು ಕೇಳಿಸಿದ್ದು ಚಹಾ ಅಂಗಡಿಯ ಕಟ್ಟೆಯ ಮೇಲೆ. ಕಾಲೇಜಿಗೆ ಹೋಗುವ ಹುಡುಗನೊಬ್ಬ ಮೊಬೈಲನ್ನು ಸ್ಟೀಲ್ ಲೋಟದಲ್ಲಿ ನಿಲ್ಲಿಸಿದ್ದ. ಲೋಟದ ಅಂಚು ಸಣ್ಣಗೆ ಜುಮ್ಮೆನ್ನುತ್ತಿತ್ತು. ರ‍್ಯಾಪಿನ ತಳಪಾಯವಾದ ಬೇಸ್, ಜಪಾನಿನ ರೋಲ್ಯಾಂಡ್ ಕಂಪನಿ 1980ರಲ್ಲಿ ತಂದ ಟಿಆರ್-808 ಯಂತ್ರದಿಂದ ಬೆಳೆದು ಬಂದ ದನಿ. ಎದೆಗೆ ತಾಗುವ ಆ ಕೆಳಸ್ವರವನ್ನು ಉಗುರಗಲದ ಮೊಬೈಲ್ ಸ್ಪೀಕರ್ ಹೊರಡಿಸಲಾರದು. ಲೋಟ ಅದನ್ನು ಹುಟ್ಟಿಸಲಾರದು. ಇರುವ ಮೇಲುಸ್ವರವನ್ನೇ ದೊಡ್ಡದು ಮಾಡುತ್ತದೆ. ಹಾಗಾಗಿ ಕಟ್ಟೆಯ ಮೇಲೆ ಕುಳಿತವರಿಗೆ ಮುಟ್ಟಿದ್ದು ಬೇಸ್ ಕಳಚಿದ ಹಾಡು: ಚ್, ಟ್, ಕ್ ಎಂದು ಹಲ್ಲಿಗೆ ನಾಲಗೆ ತಾಗುವ ಸದ್ದು, ತಾಳದ ಚಿಟಿಕೆ, ಉಸಿರು ಎಳೆದುಕೊಳ್ಳುವ ಬಿಡುವು. ಸ್ಟುಡಿಯೋದಲ್ಲಿ ಕಟ್ಟಿದ ಹಾಡು ಬೇರೆ, ಇಲ್ಲಿ ಬಂದಿಳಿದ ಹಾಡು ಬೇರೆ.

ಸ್ವಲ್ಪ ಹೊತ್ತಿಗೆ ಅವನು ಹನುಮಾನ್‌ಕೈಂಡ್ ಅವರದೇ, ಅದೇ ವರ್ಷ ಮಾರ್ಚ್‌ನಲ್ಲಿ ಬಂದಿದ್ದ ‘ರನ್ ಇಟ್ ಅಪ್’ ಹಾಕಿದ. ಬೀಡಿ ಹಚ್ಚುತ್ತಿದ್ದ ಅಜ್ಜ ತಲೆಯೆತ್ತಿದರು.

“ಯಕ್ಷಗಾನ ಐತೇನೋ ತಮ್ಮಾ?”

“ಅಲ್ರೀ ಅಜ್ಜಾ, ರ‍್ಯಾಪ್ ರೀ. ಇಂಗ್ಲೀಷ್ ಐತಿ.”

“ಚಂಡಿ ಸಪ್ಪಳ ಬರಾಕತ್ತೇತಲ್ಲೋ ಮತ್ತ!”

ಅಜ್ಜನ ಕಿವಿ ಸರಿಯಾಗಿಯೇ ಹಿಡಿದಿತ್ತು. ಆ ಹಾಡಿನ ಬೆನ್ನೆಲುಬು ಕೇರಳದ ಚೆಂಡೆ. ಅದರ ವಿಡಿಯೋದಲ್ಲಿ ಕಳರಿಪಯಟ್ಟು, ಪಂಜಾಬಿನ ಗತ್ಕಾ, ಮಣಿಪುರದ ಥಾಂಗ್-ತಾ ಎಲ್ಲ ಇವೆ. ಶಿರಸಿ ಕಡೆಯ ಆಟಗಳನ್ನು ಇಡೀ ರಾತ್ರಿ ಕೂತು ನೋಡಿದವರಿಗೆ ಆ ಚರ್ಮದ ಬಿಗಿ, ಆ ಕೋಲಿನ ಏಟು ಪರಿಚಿತ. ಮಾತು ತಿಳಿಯದ ಹಾಡು ಅವರ ಬಳಿಗೆ ತಾಳದ ಬಾಗಿಲಿನಿಂದ ಬಂತು. ಅವರದೇ ಹಿಂದಿನ ವರ್ಷದ ‘ಬಿಗ್ ಡಾಗ್ಸ್’ ಬಂದದ್ದೂ ಇಂಥದೇ ಇನ್ನೊಂದು ಬಾಗಿಲಿನಿಂದ. 2024ರ ಜುಲೈನಲ್ಲಿ ಬಿಡುಗಡೆಯಾಗಿ ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯಲ್ಲಿ 23ನೇ ಸ್ಥಾನಕ್ಕೇರಿದ ಹಾಡು ಅದು. ಇಲ್ಲಿನ ಮಕ್ಕಳಿಗೆ ಪಟ್ಟಿಯ ಸುದ್ದಿ ಬೇಕಿರಲಿಲ್ಲ. ವಿಡಿಯೋದಲ್ಲಿ ಮರದ ಬಾವಿಯ ಗೋಡೆಯ ಮೇಲೆ ಬೈಕು, ಕಾರು ಸುತ್ತುತ್ತವೆ; ಅಂಥ ಬಾವಿಯನ್ನು ಅವರು ಜಾತ್ರೆಯಲ್ಲಿ ಟಿಕೆಟ್ ತೆಗೆದು ನೋಡಿದ್ದರು.

ಆಶ್ಲೇಷ ಮಳೆ

ಪಂಚಮಿ ಕಳೆದಿದೆ. ಜೋಕಾಲಿಯ ಹಗ್ಗ ಇನ್ನೂ ಮರದಲ್ಲೇ ನೇತಾಡುತ್ತಿದೆ. ಟ್ರ್ಯಾಕ್ಟರ್‌ಗಳಲ್ಲಿ ಹೊಸ ಸಂಗ್ರಹದ ಸುಳಿವಿಲ್ಲ, ಗುಡಿಯ ಬಳಿ ಇಲ್ಲ, ಮನೆಯ ಟಿವಿಯಲ್ಲೂ ಇಲ್ಲ. ಮುಂಡಗೋಡಕ್ಕೆ ಹೋಗುವ ಬೆಳಗಿನ ವಾಯವ್ಯ ಸಾರಿಗೆ ಬಸ್ಸಿನಲ್ಲಿ ಇದೆ. ಒಂದೇ ಇಯರ್‌ಫೋನಿನ ಎರಡು ತುದಿ ಇಬ್ಬರು ಹುಡುಗರ ಕಿವಿಯಲ್ಲಿ. ಬೆರಳುಗಳು ಮುಂದಿನ ಸೀಟಿನ ಕಂಬಿಯ ಮೇಲೆ. ಎದುರಿಗಿರುವವರಿಗೆ ಹಾಡು ಕೇಳಿಸದು, ಬೆರಳಿನ ತಾಳವಷ್ಟೇ ಕಾಣುತ್ತದೆ. ಖಾಲಿ ಇದ್ದ ಸಂದು ಇದು: ಮನೆ ಮತ್ತು ಕಾಲೇಜಿನ ನಡುವಿನ ದಾರಿ, ದೊಡ್ಡವರ ಕಣ್ಣು ತಪ್ಪಿದ ಹೊತ್ತು.

ರಾತ್ರಿ ಗದ್ದೆಯ ಬದುವಿನಲ್ಲಿ ಟಾರ್ಚ್ ಹಿಡಿದು ಕೂತಿದ್ದೆ. ಗೂಳಿಗಪ್ಪೆಗಳ ಹಳದಿ ಮೈಯ ಗದ್ದಲ ಮೊದಲ ಮಳೆಗಳಲ್ಲೇ ಮುಗಿದುಹೋಗಿತ್ತು. ಈಗ ಕಿರುಬಾಯಿ ಕಪ್ಪೆಗಳ ಕಾಲ. ಮೈ ಒಂದು ಅಂಗುಲವೂ ಇಲ್ಲ, ದನಿ ಮಾತ್ರ ಗದ್ದೆ ದಾಟುತ್ತದೆ. ಗಂಟಲ ಚೀಲ ಊದಿದಾಗ ತಲೆಗಿಂತ ದೊಡ್ಡದು; ಬೆಳಕಿಗೆ ತೆಳ್ಳಗೆ ಹೊಳೆಯುತ್ತದೆ, ಕುಸಿಯುತ್ತದೆ, ಮತ್ತೆ ತುಂಬುತ್ತದೆ. ಬೆಳಕು ಆರಿಸಿ ಕಿವಿಗೊಟ್ಟರೆ ಗದ್ದಲದೊಳಗೆ ಒಂದು ಕ್ರಮ ಸಿಗುತ್ತದೆ. ಹತ್ತಿರದ ಎರಡು ಗಂಡುಗಳು ಒಂದರ ಮೇಲೊಂದು ಕೂಗುವುದನ್ನು ಆದಷ್ಟು ತಪ್ಪಿಸುತ್ತವೆ. ಒಂದು ನಿಲ್ಲಿಸಿದ ಸಂದಿನಲ್ಲಿ ಇನ್ನೊಂದು ಕೂಗುತ್ತದೆ. ಹೆಣ್ಣಿಗೆ ತನ್ನ ಕೂಗು ಬೇರೆಯಾಗಿ ಕೇಳಿಸಬೇಕಾದರೆ ನೆರೆಯವನ ಕೂಗನ್ನು ಗಮನವಿಟ್ಟು ಕೇಳಲೇಬೇಕು. ಪೈಪೋಟಿಯೂ ಕೇಳಿಸಿಕೊಳ್ಳುವುದೂ ಇಲ್ಲಿ ಒಟ್ಟಿಗೇ ನಡೆಯುತ್ತವೆ. ರ‍್ಯಾಪರ್‌ಗಳು ಸುತ್ತ ನಿಂತು ಸರದಿಯ ಮೇಲೆ ಹಾಡುವ ಸೈಫರ್ ನಡೆಯುವುದು ಇದೇ ನಿಯಮದಲ್ಲಿ. ನಮ್ಮ ಕಡೆಯ ಹರದೇಶಿ-ನಾಗೇಶಿ ನಡೆಯುತ್ತಿದ್ದುದೂ ಹೀಗೇ: ಒಂದು ಮೇಳ ಗಂಡಿನ ಪಕ್ಷ, ಇನ್ನೊಂದು ಹೆಣ್ಣಿನ ಪಕ್ಷ, ಡಪ್ಪು, ತುಂತುಣಿ ಹಿಡಿದು ಬೆಳತನಕ ಸವಾಲು-ಜವಾಬು. ಎದುರಾಳಿಯ ಪದವನ್ನು ಪೂರ್ತಿ ಕೇಳದವನಿಗೆ ಜವಾಬು ಕಟ್ಟಲು ಬರುವುದಿಲ್ಲ.

ಇನ್ನೊಂದು ಮಾತನ್ನೂ ಇಲ್ಲೇ ಬರೆದಿಡಬೇಕು. ಹಿಪ್‌ಹಾಪ್ ಹುಟ್ಟಿದ್ದು 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ, ಆಫ್ರಿಕಾ ಮೂಲದ ಜನರ ಓಣಿಯಲ್ಲಿ. ಮುಂಡಗೋಡ, ಯಲ್ಲಾಪುರ, ಹಳಿಯಾಳದ ಕಾಡಂಚಿನ ಸಿದ್ದಿಗಳ ಹಿರಿಯರನ್ನು ಆಫ್ರಿಕಾದಿಂದಲೇ ಗುಲಾಮರಾಗಿ ತಂದಿದ್ದರು. ಗೋವೆಯ ಪೋರ್ಚುಗೀಸರಿಂದ ತಪ್ಪಿಸಿಕೊಂಡವರು ಈ ಕಾಡು ಸೇರಿದರು. 2003ರಲ್ಲಿ ಅವರಿಗೆ ಪರಿಶಿಷ್ಟ ಪಂಗಡದ ಸ್ಥಾನ ಸಿಕ್ಕಿತು. ಅವರ ಡಮಾಮಿ ವಾದ್ಯ ಇವತ್ತಿಗೂ ಹಬ್ಬಗಳಲ್ಲಿ ನುಡಿಯುತ್ತದೆ. ಹಾಗಿರುವಾಗ ಇಂಥ ತಾಳ ಈ ಕಾಡಿಗೆ ಹೊಸದೆಂದು ಹೇಳಲು ನನಗೆ ಮನಸ್ಸು ಬಾರದು. ಸಮುದ್ರ ದಾಟಿಸಿ ಬೇರೆ ಬೇರೆ ದಿಕ್ಕಿಗೆ ಒಯ್ದ ಜನರ ಬಡಿತಗಳು ಎಷ್ಟೋ ಕಾಲದ ಮೇಲೆ ಒಂದೇ ತಾಲೂಕಿನಲ್ಲಿ ಹತ್ತಿರ ಬಂದಿವೆ.

ಮಘೆ ಮಳೆ

ಆಗಸ್ಟ್ 27, ಚೌತಿ. ಗಣಪನ ಮುಂದೆ ದೊಡ್ಡ ಡಬ್ಬಿಗಳು ಬಂದಿವೆ. ಲೋಟದಲ್ಲಿ ಕಳೆದುಹೋಗಿದ್ದ ಬೇಸ್ ಇಲ್ಲಿ ನೆಲದಿಂದ ಕಾಲಿಗೆ ಏರುತ್ತಿದೆ. ಮೇಲುಸ್ವರವನ್ನು ಎಲೆ, ಗೋಡೆಗಳು ನುಂಗುತ್ತವೆ. ಕೆಳಸ್ವರ ಅಡ್ಡಿಗಳನ್ನು ಬಳಸಿಕೊಂಡು ದೂರ ಹೋಗುತ್ತದೆ. ಆದ್ದರಿಂದ ಹೊಲದಂಚಿಗೆ ಹೋಗಿ ನಿಂತರೆ ಪದವೆಲ್ಲ ಹಿಂದುಳಿದು ಬಡಿತವೊಂದೇ ಜೊತೆಗೆ ಬರುತ್ತದೆ. ಜಾನಪದ ಡಿಜೆಯ ನಡುವೆ ಹುಡುಗರ ಒತ್ತಾಯಕ್ಕೆ ಒಂದು ರ‍್ಯಾಪ್ ಹಾಕಿದರು. ಕುಣಿತ ನಿಲ್ಲಲಿಲ್ಲ. ಡೊಳ್ಳಿನ ಹುಡುಗನೊಬ್ಬ ಮೊದಲು ಕೇಳಿದ, ಆಮೇಲೆ ಕೋಲಿನ ಕೈಯಿಂದ ಸೇರಿಕೊಂಡ, ಕೊನೆಗೆ ಅಂಗೈಯ ಬದಿಯಿಂದ ತನ್ನದೊಂದು ಮರುಪೆಟ್ಟು ಹಾಕಿದ. ಹಾಡಿನಲ್ಲಿ ಇಲ್ಲದ ಪೆಟ್ಟು ಅದು. ಊರು ಹಾಡಿಗೆ ಕೊಟ್ಟ ಮೊದಲ ಉತ್ತರವೆಂದು ಅದನ್ನು ಬರೆದುಕೊಂಡೆ.

ಅದೇ ವಾರ ಬೇಲಿಯ ಮೇಲೆ ಮಡಿವಾಳ ಹಕ್ಕಿಯ ಮರಿಯೊಂದು ಗಂಟಲೊಳಗೇ ಗುನುಗುತ್ತಿತ್ತು. ಹಾಡುವ ಹಕ್ಕಿಗಳ ಮರಿಗಳು ಮೊದಲು ದೊಡ್ಡವರ ದನಿ ಕೇಳಿ ಮನಸ್ಸಿನಲ್ಲಿಟ್ಟುಕೊಳ್ಳುತ್ತವೆ, ಆಮೇಲೆ ತೊದಲುತ್ತವೆ, ಸ್ವರ ಹಿಂದೆ ಮುಂದೆ ಮಾಡುತ್ತವೆ, ಕೊನೆಗೊಮ್ಮೆ ಹಾಡು ಗಟ್ಟಿಯಾಗುತ್ತದೆ. ತೊದಲದೆ ಹಾಡಿಗೆ ಬಂದ ಮರಿ ಇಲ್ಲ. ಬಸ್ಸಿನ ಹುಡುಗರೂ ಆಗ ಆ ಹಂತದಲ್ಲಿದ್ದರು. ಇಂಗ್ಲಿಷಿನ ಸಾಲುಗಳ ಆಕಾರ ಮಾತ್ರ ಬಾಯಲ್ಲಿ. ಅರ್ಥ ಇಲ್ಲ, ಏರಿಳಿತ ಮತ್ತು ಉಸಿರು ಪಕ್ಕಾ.

ಸ್ವಾತಿ ಮಳೆ

ಅಕ್ಟೋಬರ್ ಕೊನೆ. ಭತ್ತ ಬಾಗಿದೆ. ದಾಂಡೇಲಿ ಕಡೆಯ ಕಾಡಿನಿಂದ ಆನೆಗಳು ಹಳಿಯಾಳ, ಮುಂಡಗೋಡದ ಗದ್ದೆಗಳಿಗೆ ಇಳಿಯುವ ಕಾಲ. ರಾತ್ರಿ ಮಾಳದ ಮೇಲೆ ಕಾವಲು. ನಿದ್ದೆ ಬಾರದಿರಲೆಂದು ಮಾತು, ಆನೆ ಹತ್ತಿರ ಬಾರದಿರಲೆಂದು ತಗಡಿನ ಡಬ್ಬಿ. ಲೋಟದಲ್ಲಿ ಮೊಬೈಲ್ ಇಟ್ಟಿದ್ದ ಹುಡುಗ ಅಪ್ಪನ ಬದಲಿಗೆ ಅಲ್ಲಿ ಕೂತಿದ್ದ. ಡಬ್ಬಿ ಬಡಿಯುತ್ತ ಬಡಿಯುತ್ತ ಅವನ ಬಾಯಿಂದ ಸಾಲುಗಳು ಹೊರಟವು. ಈ ಸಲ ಪೂರಾ ನಮ್ಮ ಮಾತು: ಆನಿ ಬಂದದ್ದು, ಬೆಳಿ ತುಳಿದದ್ದು, ಪರಿಹಾರದ ಅರ್ಜಿ ಬರೆದದ್ದು, ಅವ್ವ ಕುಡಗೋಲು ಮಸೆದು ಕಾಯುತ್ತಿರುವುದು. ಪ್ರಾಸ ಕೆಲವು ಕಡೆ ಜಾರಿತು, ತಾಳ ಜಾರಲಿಲ್ಲ. ಪಕ್ಕದ ಮಾಳದಿಂದ ಇನ್ನೊಬ್ಬ ಕೂಗಿ ಕೇಳಿದ: “ಮತ್ತೊಮ್ಮೆ ಹೇಳಲೇ!” ಇವನು ಹೇಳಿದ. ಅವನು ತನ್ನ ಡಬ್ಬಿಯಲ್ಲಿ ಜವಾಬು ಕೊಟ್ಟ.

ಹನುಮಾನ್‌ಕೈಂಡ್ ಅವರ ಸಂಗ್ರಹಕ್ಕೆ ಇಂದೂರಿನಲ್ಲಿ ಸಿಕ್ಕ ಬರಮಾಡಿಕೆ ಇದೇ ಎಂದು ನಾನು ಬರೆಯುತ್ತೇನೆ. ಇದು ಎಷ್ಟು ಸಲ ಕೇಳಿದರು ಎಂಬ ಲೆಕ್ಕಕ್ಕೆ ಸಿಗುವುದಿಲ್ಲ, ಏಕೆಂದರೆ ಆ ರಾತ್ರಿ ಯಾರೂ ಆ ಹಾಡುಗಳನ್ನು ಹಾಕಿರಲಿಲ್ಲ. ಹ್ಯೂಸ್ಟನ್, ಪೊನ್ನಾನಿ, ಬೆಂಗಳೂರು ಮೂರನ್ನೂ ಒಂದೇ ಉಸಿರಿನಲ್ಲಿ ಹಿಡಿದ ಗಾಯಕನಿಂದ ಈ ಹುಡುಗ ಕಲಿತದ್ದು ಒಂದು ಧೈರ್ಯ: ತಾನಿರುವ ಜಾಗವೇ ಹಾಡಿಗೆ ಸಾಕು. ಚಂದನ್ ಶೆಟ್ಟಿ, ಆಲ್ ಓಕೆ ಮೊದಲಾದವರು ರ‍್ಯಾಪನ್ನು ಕನ್ನಡಕ್ಕೆ ಆಗಲೇ ತಂದಿದ್ದಾರೆ. ಅದಕ್ಕೆ ಮುಂಡಗೋಡದ ಮಣ್ಣಿನ ಮಾತು ಸೇರುವುದು ಇಂಥ ಮಾಳಗಳಿಂದ. ಹಕ್ಕಿಯ ಪಟ್ಟಿ ಇಡುವವರು, ಕಪ್ಪೆಯ ಕೂಗು ಮುದ್ರಿಸುವವರು ಈ ದನಿಗಳನ್ನೂ ಊರು, ಮಳೆ, ಹೊತ್ತಿನ ಸಮೇತ ಬರೆದಿಡಬೇಕು. ಕಾಡಂಚಿನ ಊರೊಂದು ಹೇಗೆ ಬದುಕುತ್ತಿದೆ ಎಂಬುದಕ್ಕೆ ಮುಂದೆ ಇವೂ ಸಾಕ್ಷಿಯಾಗುತ್ತವೆ.