ಡಬ್ಲಿನ್‌ನಲ್ಲಿ ಅರ್ಧ ದಿನ ಸಿಕ್ಕಾಗ

ಅಮೆರಿಕಕ್ಕೆ ಹೋಗುವ ದಾರಿಯಲ್ಲಿ ಡಬ್ಲಿನ್‌ನಲ್ಲಿ ಏಳೆಂಟು ಗಂಟೆ ವಿಮಾನಕ್ಕಾಗಿ ಕಾಯಬೇಕಾದ ಬಂಧುಗಳು, ಸಮೀಪದ ಬ್ಲಾಂಚರ್ಡ್ಸ್‌ಟೌನ್‌ನಲ್ಲಿರುವ ನನ್ನನ್ನು ನೋಡತಕ್ಕ ಸ್ಥಳ ಯಾವುದೆಂದು ಕೇಳುವುದುಂಟು. ಐರ್ಲೆಂಡ್ ಷೆಂಗೆನ್ ವ್ಯವಸ್ಥೆಯಲ್ಲಿಲ್ಲ. ಆದ್ದರಿಂದ ನಿಲ್ದಾಣದಿಂದ ಹೊರಬರಲು ಭಾರತೀಯ ಪಾಸ್‌ಪೋರ್ಟಿನವರಿಗೆ ಐರಿಷ್ ವೀಸಾ ಬೇಕು. ಅದಿದ್ದವರಿಗೆ ನಾನು ಸೂಚಿಸುವುದು, ನಗರದ ದಾರಿಯಲ್ಲೇ ಇರುವ ಗ್ಲಾಸ್ನೆವಿನ್‌ನ ರಾಷ್ಟ್ರೀಯ ಸಸ್ಯೋದ್ಯಾನವನ್ನು. 1795ರಲ್ಲಿ ಸ್ಥಾಪಿತವಾದ ಈ ತೋಟಕ್ಕೆ ಪ್ರವೇಶ ಉಚಿತ. ಅದರ ಗಾಜಿನ ಮನೆಗಳು ಲಾಲ್‌ಬಾಗನ್ನು ನೆನಪಿಸುತ್ತವೆ. ಆದರೆ 1845ರಲ್ಲಿ ಆಲೂಗಡ್ಡೆಯ ಅಂಗಮಾರಿ ರೋಗವನ್ನು ಐರ್ಲೆಂಡಿನಲ್ಲಿ ಮೊದಲು ಗುರುತಿಸಿದ್ದೂ ಇಲ್ಲಿಯೇ. ಅನಂತರದ ಕ್ಷಾಮಕ್ಕೆ ಸುಮಾರು 10 ಲಕ್ಷ ಜನ ಬಲಿಯಾದರು. ಹೆಚ್ಚುಕಡಿಮೆ ಅಷ್ಟೇ ಮಂದಿ ದೇಶ ಬಿಟ್ಟು ಹಡಗು ಹತ್ತಿದರು, ಬಹಳಷ್ಟು ಜನ ಅಮೆರಿಕದ ಕಡೆಗೇ.

ಈಗ ಅಮೆರಿಕದ ವಲಸೆ ತಪಾಸಣೆ ಡಬ್ಲಿನ್ ನಿಲ್ದಾಣದಲ್ಲಿಯೇ ಮುಗಿಯುತ್ತದೆ. ಮೂರು ಗಂಟೆ ಮೊದಲೇ ಹಿಂತಿರುಗಿ, ಆ ಸಾಲಿನಲ್ಲಿ ನಿಂತಾಗ ಅವರನ್ನೊಮ್ಮೆ ನೆನೆಯಿರಿ.