ಗಾಳ ಹಿಡಿದವರ ಹೊಳೆ ಕಾವಲು

ಬೇಸಿಗೆ ಏರಿ ಕೆರೆಯ ನೀರು ಮೊಣಕಾಲಿಗೆ ಇಳಿಯುತ್ತಿದ್ದಂತೆ ತಿಳವಳ್ಳಿ, ಆನವಟ್ಟಿ, ಬನವಾಸಿ ಸೀಮೆಯಲ್ಲಿ ಕೆರೆಬೇಟೆಯ ಸುದ್ದಿ ಬಾಯಿಂದ ಬಾಯಿಗೆ ಹರಡುತ್ತದೆ. ಊರಿನವರು ದಿನ ಗೊತ್ತು ಮಾಡಿ, ಕೂಣಿಗೆ ಇಂತಿಷ್ಟು ಎಂದು ದುಡ್ಡು ಕಟ್ಟಿಸಿಕೊಳ್ಳುತ್ತಾರೆ. ಕೂಣಿ ಎಂದರೆ ಬಿದಿರಿನಲ್ಲಿ ಹೆಣೆದ ತಳವಿಲ್ಲದ ಬುಟ್ಟಿ. ಕೆಳಗೆ ಅಗಲ, ಮೇಲೆ ಕೈ ಹೋಗುವಷ್ಟು ಬಾಯಿ. ಅದನ್ನು ಕೆಸರಿಗೆ ಊರುತ್ತಾ ಊರುತ್ತಾ ಸಾಗಬೇಕು. ಒಳಗೆ ಏನೋ ಬಡಿದುಕೊಂಡಿತೆಂದರೆ ಮೇಲಿನಿಂದ ಕೈ ಇಳಿಸಿ ಎತ್ತಬೇಕು. ಕಾಟ್ಲಾ, ರೋಹು, ಗೆಂಡೆ, ಕೊರವ, ಚೇಳಿ, ಸಿಕ್ಕಿದ್ದೆಲ್ಲ ಚೀಲಕ್ಕೆ, ಸಂಜೆಗೆ ಸಾರಿಗೆ. ಹಿಡಿದ ಮೀನನ್ನು ತೂಕ ಮಾಡಿ, ಒಂದು ಫೋಟೊ ತೆಗೆದು, ವಾಪಸ್ಸು ನೀರಿಗೆ ಬಿಟ್ಟವನನ್ನು ಈ ಕಡೆಯ ಜನ ತಲೆ ಕೆಟ್ಟವನೆಂದೇ ಕರೆದಾರು.

ಅಂಥ ‘ತಲೆ ಕೆಟ್ಟವರ’ ಸಂಘವೊಂದು ಬೆಂಗಳೂರಿನಲ್ಲಿದೆ. 1972ರಲ್ಲಿ ಹುಟ್ಟಿದ ಅದರ ಹೆಸರು ವೈಲ್ಡ್‌ಲೈಫ್ ಅಸೋಸಿಯೇಷನ್ ಆಫ್ ಸೌತ್ ಇಂಡಿಯಾ. ಗಾಳದವರ ಬಾಯಲ್ಲಿ ಬರೀ ‘ವಾಸಿ’. ಶಿವನಸಮುದ್ರದಿಂದ ಕೆಳಗೆ ಮೇಕೆದಾಟಿನ ಕಡೆಗೆ ಕಾವೇರಿ ಕಾಡು ಹೊಕ್ಕು ಹರಿಯುವ ಕಡೆ, ಹೊಳೆಯ ಒಂದು ಭಾಗದಲ್ಲಿ ಮೀನು ಹಿಡಿಯುವ ಹಕ್ಕನ್ನು ಸರ್ಕಾರದಿಂದ ಗುತ್ತಿಗೆ ಪಡೆದು, ಅಲ್ಲಿ ಮೀನು ಉಳಿಸುವ ಕೆಲಸಕ್ಕೆ ಅದು ಇಳಿಯಿತು. ಮುಂದೆ ಸರ್ಕಾರದ್ದೇ ಆದ ಜಂಗಲ್ ಲಾಡ್ಜಸ್ ಸಂಸ್ಥೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳಲ್ಲಿ ಗಾಳದ ಶಿಬಿರಗಳನ್ನು ನಡೆಸಿತು. ಕೊಡಗಿನ ವಾಲ್ನೂರಿನ ಕಡೆ ಕೂರ್ಗ್ ವೈಲ್ಡ್‌ಲೈಫ್ ಸೊಸೈಟಿ ಇಂಥದ್ದೇ ಕಾವಲು ಕಟ್ಟಿತು. ದೇಶದ ಮಟ್ಟದಲ್ಲಿ ಆಲ್ ಇಂಡಿಯಾ ಗೇಮ್ ಫಿಶಿಂಗ್ ಅಸೋಸಿಯೇಷನ್ ಎಂಬ ಸಂಘವೂ ಇದೆ.

ಇವರೆಲ್ಲರ ಕಣ್ಣು ಒಂದೇ ಮೀನಿನ ಮೇಲೆ: ಮಹಶೀರ್. ಕಾವೇರಿ ದಂಡೆಯವರಿಗೆ ಅದು ಬಿಳಿಮೀನು. ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಅದರ ಬಳಗದವು ದೇವರ ಮೀನುಗಳು. ಮಂಗಳೂರಿನಲ್ಲಿ ಕಲೆಕ್ಟರ್ ಆಗಿದ್ದ ಎಚ್.ಎಸ್. ಥಾಮಸ್ 1873ರಲ್ಲಿ ‘ದಿ ರಾಡ್ ಇನ್ ಇಂಡಿಯಾ’ ಎಂಬ ಗ್ರಂಥ ಬರೆದ ಮೇಲೆ ಈ ಮೀನಿನ ಕೀರ್ತಿ ಕಡಲು ದಾಟಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗನ್ (ಹುಲಿ, ಚಿರತೆಗಳ ಚರ್ಮಕ್ಕೆ ಜೀವಕಳೆ ತುಂಬುತ್ತಿದ್ದ ಪ್ರಸಿದ್ಧ ಮನೆತನದವರು) ಕಬಿನಿಯಲ್ಲಿ 120 ಪೌಂಡಿನ ಮೀನು ಎಳೆದರು. ಕಿಲೋ ಲೆಕ್ಕದಲ್ಲಿ 54ಕ್ಕೂ ಮಿಗಿಲು. ಆಮೇಲೆ ಸ್ವಾತಂತ್ರ್ಯ ಬಂತು, ಸಾಹೇಬರು ಹೋದರು, ಹೊಳೆಗೆ ಸಿಡಿಮದ್ದು ಬಂತು. ದೊಡ್ಡ ಮಹಶೀರ್ ಕಥೆ ಮುಗಿಯಿತೆಂದೇ ಹೊರಗಿನವರು ತಿಳಿದಿದ್ದಾಗ ಇಂಗ್ಲೆಂಡಿನ ಮೂವರು ಹುಡುಗರು ಭೂಮಾರ್ಗವಾಗಿಯೇ ಬಂದು ಕಾವೇರಿಯಲ್ಲಿ ಹುಡುಕಾಡಿ, 1978ರಲ್ಲಿ 92 ಪೌಂಡಿನದನ್ನು ಹಿಡಿದು ತೋರಿಸಿದರು.

ಅವರ ಗಾಳಕ್ಕೆ ಸಿಕ್ಕಿಸುತ್ತಿದ್ದುದು ಏನು ಗೊತ್ತೆ? ರಾಗಿ. ಹಿಟ್ಟನ್ನು ಗಟ್ಟಿಯಾಗಿ ನಾದಿ, ಉಂಡೆ ಕಟ್ಟಿ, ಕುದಿಯುವ ನೀರಲ್ಲಿ ಬೇಯಿಸಿ, ಆರಿದ ಮೇಲೆ ಮತ್ತೆ ಮೆತ್ತಗೆ ನಾದಿ ಕೊಕ್ಕೆಯ ಸುತ್ತ ಮೆತ್ತುವುದು. ಕೆಲವರು ಮಸಾಲೆಯನ್ನೂ ಬೆರೆಸುತ್ತಿದ್ದರು. ಸೆಳೆತದ ಬಂಡೆಗಳ ನಡುವೆ ಆ ಮುದ್ದೆ ಇಳಿದು ಕೂರಬೇಕು. ಮೀನು ಕಚ್ಚಿದರೆ ದಾರ ಬಂಡೆಗೆ ಸಿಕ್ಕಿ ಹರಿಯದಂತೆ ಹರಿಗೋಲು ಹತ್ತಿ ಬೆನ್ನಟ್ಟಬೇಕು. ಅಷ್ಟೆಲ್ಲ ಪಾಡುಪಟ್ಟು ದಡಕ್ಕೆ ತಂದದ್ದನ್ನು ತೂಗಿ, ದಫ್ತರಿನಲ್ಲಿ ಬರೆದು, ನೀರಿನ ಎದುರಿಗೆ ಮುಖ ಮಾಡಿ ಹಿಡಿದುಕೊಂಡು, ಅದು ಚೇತರಿಸಿಕೊಂಡು ತಾನಾಗಿಯೇ ಹೊರಟ ಮೇಲೆ ಕೈ ಬಿಡುವುದು. ಇದು ಅಹಿಂಸೆಯ ಆಟವೇ ಎಂದು ಮೀನನ್ನು ಕೇಳಿದರೆ ಬೇರೆ ಉತ್ತರ ಬಂದೀತು. ಆದರೆ ಗಾಳದವನ ಸ್ವಾರ್ಥವೇ ಹೊಳೆಗೆ ಲಾಭವಾಯಿತು: ಮುಂದಿನ ವರ್ಷವೂ ಅವನಿಗೆ ಮೀನು ಬೇಕು, ಅದೂ ಜೀವಂತವಾಗಿ. ಹಾಗಾಗಿ ಕಾವಲುಗಾರರಿಗೆ ಸಂಬಳ ಕೊಟ್ಟ. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ದಂಡೆಯ ಊರುಗಳವರೇ ಶಿಬಿರಗಳಲ್ಲಿ ದಾರಿ ತೋರುವವರಾದರು, ಕಾವಲಿನವರಾದರು. ಹೊಳೆಯ ಯಾವ ಮಡುವಿನಲ್ಲಿ ಏನಿದೆ ಎಂಬುದು ಅವರಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು!

ಆ ದಫ್ತರಿನ ಬೆಲೆ ತಿಳಿದದ್ದು 2015ರಲ್ಲಿ. ಮೀನು ಸಂಶೋಧಕರಾದ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಸಂಗಡಿಗರು ಗಾಳಿಬೋರೆ ಶಿಬಿರದ ದಾಖಲೆಗಳನ್ನು ಕೂಡಿಸಿ ಲೆಕ್ಕ ಹಾಕಿದರು. 1998ರಿಂದ 2012ರವರೆಗೆ 23,620 ಗಂಟೆಗಳ ಗಾಳಗಾರಿಕೆಯಲ್ಲಿ 6,161 ಮಹಶೀರ್‌ಗಳನ್ನು ಹಿಡಿದು ಬಿಡಲಾಗಿತ್ತು. ಅತಿ ದೊಡ್ಡದು 46.8 ಕಿಲೋ. ವರ್ಷದಿಂದ ವರ್ಷಕ್ಕೆ ಸಿಗುವ ಮೀನಿನ ಸಂಖ್ಯೆ ಏರಿತ್ತು, ಸರಾಸರಿ ತೂಕ ಇಳಿದಿತ್ತು. ಅಂದರೆ ಹೊಸ ಮರಿಗಳು ಬದುಕಿ ಬೆಳೆಯುತ್ತಿದ್ದವು, ಕಾವಲು ಫಲ ಕೊಟ್ಟಿತ್ತು.

ಅದೇ ದಫ್ತರು ಒಂದು ಕೆಟ್ಟ ಸುದ್ದಿಯನ್ನೂ ಹೇಳಿತು. ಹೆಚ್ಚಾಗಿದ್ದು ನೀಲಿ ರೆಕ್ಕೆಯ ಮಹಶೀರ್. ಕಾವೇರಿಯ ಸ್ವಂತದ್ದಾದ, ಬೆನ್ನು ಗೂನಾಗಿ ಉಬ್ಬಿದ ಕಿತ್ತಳೆ ರೆಕ್ಕೆಯ ಮೀನು ಕಣ್ಮರೆಯಾಗುತ್ತ ಬಂದಿತ್ತು. ನೀಲಿ ರೆಕ್ಕೆಯದರ ಮರಿಗಳನ್ನು ಲೋಣಾವಳದ ಟಾಟಾ ಸಂಸ್ಥೆಯ ಕೇಂದ್ರ 1970ರ ದಶಕದಿಂದ ಸಾಕಿ ಹಂಚುತ್ತಿತ್ತು. ಅವನ್ನು ಒಳ್ಳೆಯ ಮನಸ್ಸಿನಿಂದಲೇ ಕಾವೇರಿಗೂ ಬಿಡಲಾಗಿತ್ತು. ಮೀನು ಬಿಟ್ಟರೆ ಹೊಳೆ ಉದ್ಧಾರ ಎಂದು ನಂಬಿದವರು, ಯಾವ ಮೀನು ಎಂದು ಕೇಳಲು ಮರೆತರು. ಗೂನು ಬೆನ್ನಿನದಕ್ಕೆ ಆಗಿನ್ನೂ ವಿಜ್ಞಾನದ ಹೆಸರೇ ಗೊತ್ತಾಗಿರಲಿಲ್ಲ. ಮೋಯಾರ್ ನದಿಯಲ್ಲಿ ಉಳಿದಿದ್ದ ಕೆಲವನ್ನು ಪರೀಕ್ಷಿಸಿ, 2007ರಲ್ಲೇ ಕೇರಳದ ಪಾಂಬಾರಿನಿಂದ ವರ್ಣಿತವಾಗಿದ್ದ ‘ಟಾರ್ ರೆಮಾದೇವಿ’ಯೇ ಇದು ಎಂದು 2018ರಲ್ಲಿ ನಿಶ್ಚಯಿಸಿದರು. ಅದೇ ವರ್ಷ ಅದು ಅಳಿವಿನ ಅಂಚಿಗೆ ಬಂದ ಜೀವಿಗಳ ಪಟ್ಟಿಗೆ ಸೇರಿತು. ಅಷ್ಟು ಹೊತ್ತಿಗೆ ಕಾವೇರಿ ವನ್ಯಧಾಮದೊಳಗೆ ಗಾಳ ಹಾಕುವುದು ನಿಷಿದ್ಧವಾಗಿ, ಶಿಬಿರಗಳ ಲೆಕ್ಕ ಬರೆಯುವುದೂ ನಿಂತಿತ್ತು. ವನ್ಯಧಾಮದಲ್ಲಿ ಹಿಡಿಯುವುದೆಲ್ಲ ಬೇಟೆಯೇ ಎಂಬ ಕಾನೂನಿನ ಮಾತು ಸರಿ. ಕಾವಲೂ ಲೆಕ್ಕವೂ ಒಟ್ಟಿಗೆ ನಿಂತದ್ದು ಮಾತ್ರ ನಷ್ಟವೇ.

ಹೊಳೆಯ ಕಾವಲಿಗಾಗಿ ಗಾಳದವರು ನ್ಯಾಯಾಲಯವನ್ನೂ ಹತ್ತಿದ ಉದಾಹರಣೆ ಬ್ರಿಟನ್ನಿನಲ್ಲಿದೆ. ಜಾನ್ ಈಸ್ಟ್‌ವುಡ್ ಎಂಬ ವಕೀಲರು 1948ರಲ್ಲಿ ಕಟ್ಟಿದ ಸಂಘ, ಡರ್ವೆಂಟ್ ಹೊಳೆ ಕೆಡಿಸಿದ ಕಂಪನಿಯ ಜೊತೆಗೆ ಡರ್ಬಿ ನಗರಸಭೆಯ ವಿರುದ್ಧವೂ ನಡೆದ ಮೊಕದ್ದಮೆಯ ಬೆನ್ನಿಗೆ ನಿಂತು ಗೆಲ್ಲಿಸಿತು. ಹಾವೇರಿ ಜಿಲ್ಲೆಯವರಿಗೆ ಇದು ದೂರದ ಕಥೆಯಲ್ಲ. 1980ರ ದಶಕದಲ್ಲಿ ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದ ಬಳಿ ಕಾರ್ಖಾನೆಯ ತ್ಯಾಜ್ಯದಿಂದ ತುಂಗಭದ್ರೆಯಲ್ಲಿ ಮೀನುಗಳು ರಾಶಿ ರಾಶಿ ಸತ್ತಾಗ, ಎಸ್.ಆರ್. ಹಿರೇಮಠರ ಸಮಾಜ ಪರಿವರ್ತನ ಸಮುದಾಯ ದಂಡೆಯ ಊರುಗಳ ಜನರೊಂದಿಗೆ ಹೋರಾಟಕ್ಕಿಳಿದಿತ್ತು.

ಹಾನಗಲ್ಲ ಸೀಮೆಯಲ್ಲಿ ಕೆರೆಗಳಿಗೆ ಬರವಿಲ್ಲ; ಮಗ್ಗುಲಲ್ಲಿ ವರದೆ ಹರಿದು ಗಳಗನಾಥದ ಹತ್ತಿರ ತುಂಗಭದ್ರೆ ಸೇರುತ್ತಾಳೆ. ಗಾಳ ಹಿಡಿದು ಕೂರುವವರಿಗೂ ಕೊರತೆಯಿಲ್ಲ. ಇಲ್ಲದಿರುವುದು ಬರೆದಿಡುವವರು. ಮುಂಗಾರಿನ ಮೊದಲ ನೀರಿಗೆ ಗದ್ದೆ ಬದುವಿನವರೆಗೆ ಮೊಟ್ಟೆ ಹೊತ್ತು ಏರುವ ಹತ್ತುಮೀನನ್ನು ಕತ್ತಿ, ದೊಣ್ಣೆ ಹಿಡಿದು ಕಡಿಯುವುದು ಇಲ್ಲಿ ಹಬ್ಬವೇ ಆಗಿದೆ. ಒಂದು ಮೀನು ಸಾರಿಗೆ ಬಿದ್ದರೆ ಮುಂದಿನ ಬೇಸಿಗೆಯ ಕೆರೆಬೇಟೆಗೆ ಎಷ್ಟು ಕಡಿಮೆಯಾಯಿತೆಂದು ಲೆಕ್ಕ ಇಟ್ಟವರಿಲ್ಲ. ಸಿಡಿಮದ್ದು, ವಿಷ ಹಾಕಿ ಮೀನು ಕೊಲ್ಲುವುದು 1897ರ ಮೀನುಗಾರಿಕೆ ಕಾಯ್ದೆಯಷ್ಟು ಹಿಂದಿನಿಂದಲೂ ಅಪರಾಧ; ಆದರೂ ಬೇಸಿಗೆಯ ಮಡುಗಳಿಗೆ ಬ್ಲೀಚಿಂಗ್ ಪುಡಿ ಸುರಿಯುವವರಿದ್ದಾರೆ.

ಕೆರೆಬೇಟೆ ನಿಲ್ಲಬೇಕೆಂದು ಯಾರೂ ಹೇಳುತ್ತಿಲ್ಲ. ಕೂಣಿಗೆ ಕಟ್ಟಿದ ದುಡ್ಡಿನಿಂದ ಊರ ಕೆಲಸಗಳು ನಡೆಯುತ್ತವೆ. ಕೂಣಿಯ ದುಡ್ಡು ಎಣಿಸಲು ಕೂರುವ ಊರ ಹಿರಿಯರು ಈ ಬೇಸಿಗೆಯಿಂದ ಒಂದು ಇನ್ನೂರು ಪುಟದ ನೋಟ್‌ಬುಕ್ ಕೂಡ ಇಟ್ಟುಕೊಳ್ಳಲಿ. ಯಾವ ಜಾತಿಯ ಮೀನು, ಅಂದಾಜು ಎಷ್ಟು ತೂಕ ಎಂದು ಬರೆಸಲಿ. ಮೊದಲ ಮಳೆಯ ಒಂದೆರಡು ವಾರ ಹತ್ತುಮೀನಿಗೆ ದಾರಿ ಬಿಡಬೇಕೆಂದು ಪಂಚಾಯಿತಿಯಲ್ಲಿ ಒಂದು ಠರಾವು ಆಗಲಿ.